ಎಡಗೈಯ ಎಂಟು ಖಾನೆ

ನಮ್ಮಪ್ಪ ಸಿಂದಗಿಯ ಒಂದು ಮದುವೆ ಬ್ಯಾಂಡಿನಲ್ಲಿ ಮೂವತ್ತೆಂಟು ವರ್ಷ ಊದಿದ. ಅಷ್ಟೂ ವರ್ಷ ಅವನು ಊದಿದ್ದನ್ನು ಯಾರೂ ಕೇಳಲಿಲ್ಲ. ಇದ್ದದ್ದನ್ನು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆ ಅನ್ನುವ ಗಾದೆ ನನಗೂ ಗೊತ್ತು. ಒದೆಯುವವರು ಒದೆಯಲಿ, ಮಾತು ಮಾತ್ರ ಖರೆ.

ಅವನದು ಎದೆಗೆ ಅಪ್ಪಿಕೊಂಡು ಊದುವ ದೊಡ್ಡ ಹಿತ್ತಾಳೆ ವಾದ್ಯ. ಪುಸ್ತಕದಲ್ಲಿ ಅದಕ್ಕೆ ಯೂಫೋನಿಯಂ ಅನ್ನುತ್ತಾರೆ. ನಮ್ಮ ಬ್ಯಾಂಡಿನ ಹನ್ನೆರಡು ಜನಕ್ಕೆ ಅದು ಬರೀ ದೊಡ್ಡ ಬಾಜಾ. ಮೆರವಣಿಗೆಯಲ್ಲಿ ಮುಂದೆ ಟ್ರಂಪೆಟ್ಟುಗಳು ಕಿವಿ ಹರಿಯುವಂತೆ ಕೂಗುತ್ತಿದ್ದವು, ಅವುಗಳ ಬೆನ್ನಿಗೆ ನಾವು ಕ್ಲಾರಿನೆಟ್ಟಿನವರು, ಎರಡೂ ಬದಿಗೆ ಡ್ರಮ್ಮು. ಎಲ್ಲರ ಬಾಯಲ್ಲೂ ಒಂದೇ ಹಾಡು. ಅಪ್ಪನಿಗೆ ಮಾತ್ರ ಹಾಡಿಲ್ಲ, ಎರಡು ಸ್ವರ: ಸಾ, ಪಾ, ಸಾ, ಪಾ. ಇಂಡಿಯಲ್ಲಿ ಊದಿದರೂ ಅದೇ, ಮುದ್ದೇಬಿಹಾಳದಲ್ಲಿ ಊದಿದರೂ ಅದೇ. ಸಾರಿನ ಉಪ್ಪಿನ ಹಾಗೆ ಅವನಿದ್ದ. ಇಲ್ಲದ ದಿನ ಏನೋ ಸಪ್ಪೆ ಅನ್ನುತ್ತಿದ್ದರು, ಇದ್ದ ದಿನ ಇದ್ದಾನೆ ಅನ್ನುವುದೂ ತಿಳಿಯುತ್ತಿರಲಿಲ್ಲ. ಮದುವೆ ಮನೆಯವರು ಟ್ರಂಪೆಟ್ ಊದುವ ಬ್ಯಾಂಡ್ ಮಾಸ್ತರನ ಬೆನ್ನು ತಟ್ಟುತ್ತಿದ್ದರು. ಒಮ್ಮೊಮ್ಮೆ ನನ್ನದನ್ನೂ ತಟ್ಟುತ್ತಿದ್ದರು. ಅಪ್ಪನ ಬೆನ್ನು ತಟ್ಟಿದ್ದನ್ನು ನಾನು ಕಂಡಿಲ್ಲ.

ನನಗೆ ಆಗ ಇಪ್ಪತ್ತೇಳು. ತೊಂಬತ್ತರ ದಶಕದ ಕೊನೆ. ಆ ಶ್ರಾವಣದಲ್ಲಿ ಬಸವನ ಬಾಗೇವಾಡಿಯ ಒಂದು ಮದುವೆಗೆ ಹೋಗಿದ್ದೆವು. ವಾದ್ಯದವರಿಗೆ ಊಟ ಯಾವಾಗಲೂ ಕಡೆಯ ಪಂಕ್ತಿ, ಅದೂ ಮನೆಯ ಹಿಂದೆ. ತಟ್ಟೆ ಹಿಡಿದು ಗೋಡೆಯ ನೆರಳಿಗೆ ಕುಳಿತಿದ್ದಾಗ ಪಕ್ಕದ ಮನೆಯ ಕಿಟಕಿಯಿಂದ ಪಿಯಾನೊ ಕೇಳಿಸಿತು. ಸಿನಿಮಾದಲ್ಲಿ ಬಿಟ್ಟರೆ ಆ ದನಿಯನ್ನು ನಾನು ಕೇಳಿರಲಿಲ್ಲ. ತಟ್ಟೆ ಹಿಡಿದೇ ಎದ್ದು ಹೋಗಿ ಕಿಟಕಿಯ ಕೆಳಗೆ ನಿಂತೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ದನಿಯ ಸಿಹಿಯಲ್ಲ. ಮೇಲೆ ಒಂದು ಹಾಡು ನಡೆಯುತ್ತಿತ್ತು, ಕೆಳಗೆ ಬೇರೆಯೇ ಒಂದು ನಡೆಯುತ್ತಿತ್ತು. ಎರಡಕ್ಕೂ ಜಗಳವಿರಲಿಲ್ಲ. ನಮ್ಮ ಬ್ಯಾಂಡಿನಲ್ಲಿ ಹನ್ನೊಂದು ಜನ ಸೇರಿ ಒಂದೇ ಮಾತು ಆಡುತ್ತಿದ್ದೆವು, ಇಲ್ಲಿ ಒಬ್ಬರೇ ಕುಳಿತು ಎರಡು ಮಾತು ಆಡುತ್ತಿದ್ದರು.

"ಯಾರೋ ಅದು, ಕಳ್ಳನಂಗ ಕಿಟಕ್ಯಾಗ ನಿಂತು ಕೇಳಾಕತ್ತಿ? ಕೈ ತೊಳಕೊಂಡು ಒಳಗ ಬಾ," ಎಂದರು ಒಳಗಿದ್ದ ಮುದುಕಿ.

ಅವರು ಪುಣೆಯಲ್ಲಿ ಡಾಕ್ಟರಿಕೆ ಮಾಡಿ, ನಿವೃತ್ತಿಯಾದ ಮೇಲೆ ಹುಟ್ಟಿದೂರಿಗೆ ಬಂದವರು. ಬರುವಾಗ ಪಾತ್ರೆಪಡಗದ ಜೊತೆ ಆ ಪಿಯಾನೊವನ್ನೂ ಲಾರಿಯಲ್ಲಿ ಹಾಕಿಸಿಕೊಂಡು ಬಂದಿದ್ದರು. ಎಪ್ಪತ್ತು ದಾಟಿದ್ದರೂ ಬೆರಳು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಊರೆಲ್ಲ ಅವರನ್ನು ಡಾಕ್ಟರಮ್ಮಾರು ಅನ್ನುತ್ತಿತ್ತು. ಪಿಯಾನೊದ ಮೇಲೆ ಕೈಬರಹದ ಒಂದು ಹಾಳೆ ಇತ್ತು. ಅವರಿಗೆ ಕಲಿಸಿದವರು ಬರೆದುಕೊಟ್ಟದ್ದಂತೆ, ಅದಕ್ಕೊಂದು ಹೆಸರೂ ಇರಲಿಲ್ಲ.

ಬಲಗೈ ಒಂದನ್ನೇ ನುಡಿಸಿ ತೋರಿಸಿದರು, ಆಮೇಲೆ ಎಡಗೈ ಒಂದನ್ನೇ. ನಡುವೆ ಒಂದು ಕಡೆ ಬಲಗೈ ಎದ್ದು ತೊಡೆಯ ಮೇಲೆ ಕುಳಿತುಬಿಡುತ್ತಿತ್ತು. ಅಲ್ಲಿಂದ ಎಡಗೈ ಒಂದೇ ನಡೆಯುತ್ತಿತ್ತು. ಹಾಳೆಯಲ್ಲಿ ಗೆರೆ ಎಳೆದು ಮಾಡಿದ ಎಂಟು ಖಾನೆಯಷ್ಟು ದೂರ, ಜೊತೆಗೆ ಯಾರೂ ಇಲ್ಲ. ದಪ್ಪ, ಕೆಳಗಿನ ದನಿ. ಅದು ನಮ್ಮಪ್ಪನ ಬಾಜಾದ ದನಿಯೇ. ಅವನಿಗೆ ಯಾರೂ ಕೊಡದೇ ಹೋದ ಹಾಡು ಇಲ್ಲಿ ಒಬ್ಬ ಮುದುಕಿಯ ಎಡಗೈಯಲ್ಲಿ ಇತ್ತು.

"ಅಮ್ಮಾರ, ಇದನ್ನ ನಮ್ಮ ಬ್ಯಾಂಡಿಗಿ ಕೂಡಿಸಬಹುದೇನ್ರಿ?" ಎಂದು ಕೇಳಿದೆ.

"ಕೂಡಸು. ಆದ್ರ ಹರಕುಮುರಕು ಮಾಡಿ ತಂದ್ರ ಬಾಗಲಾ ಹಾಕ್ಕೊಂತೇನಿ."

ಅಲ್ಲಿಂದ ಗುರುವಾರಕ್ಕೊಮ್ಮೆ ಬಾಗೇವಾಡಿಯ ಬಸ್ಸು ಹಿಡಿಯುವುದು ರೂಢಿಯಾಯಿತು. ದೇವರ ಹಿಪ್ಪರಗಿಯಲ್ಲಿ ಬಸ್ಸು ಬದಲಿಸಿ, ತೊಗರಿಯ ಹೊಲಗಳ ನಡುವೆ ಧೂಳು ಕುಡಿದುಕೊಂಡು ಹೋಗುತ್ತಿದ್ದೆ. ತೊಡೆಯ ಮೇಲೆ ಎರಡು ಗೆರೆಯ ಕಾಪಿ ಬುಕ್ಕು. ಅವರು ಪಿಯಾನೊದ ಕಪ್ಪು ಬಿಳಿ ಪಟ್ಟಿಗಳನ್ನು, ನಮ್ಮ ಮಾತಿನಲ್ಲಿ ಮನೆಗಳನ್ನು, ಒಂದೊಂದೇ ಒತ್ತಿ ನುಡಿಸುವರು, ನಾನು ಮೇಲಿನ ಗೆರೆಗೆ ಬಲಗೈ, ಕೆಳಗಿನ ಗೆರೆಗೆ ಎಡಗೈ ಅಂತ ಕನ್ನಡದಲ್ಲಿ ಸರಿಗಮ ಬರೆದುಕೊಳ್ಳುವೆ. ಪಿಯಾನೊದ ಕೆಳಗಿನ ಕೆಲವು ಮನೆಗಳು ನಮ್ಮ ಕಡೆಯ ಬಿಸಿಲಿಗೆ ಮೂಕವಾಗಿದ್ದವು. ಅವುಗಳ ಸರದಿ ಬಂದಾಗ ಡಾಕ್ಟರಮ್ಮಾರು ಗಂಟಲಿನಿಂದ ಹಾಡಿ ತೋರಿಸುತ್ತಿದ್ದರು. ಅವರ ಕಂಠ ಕೇಳಿ ಅಂಗಳದ ಬೆಕ್ಕು ಎದ್ದು ಹೋಗುತ್ತಿತ್ತು.

ದಸರೆಯ ಹೊತ್ತಿಗೆ ಅಪ್ಪನ ಹಲ್ಲಿನ ಸಂಗತಿ ಬಂತು. ಮೇಲಿನ ಎರಡು ಮುಂದಿನ ಹಲ್ಲು ಅಲುಗಾಡುತ್ತಿದ್ದವು. ಕಟಕ ರೊಟ್ಟಿ ಕಡಿಯುತ್ತಿದ್ದವನು ಅವ್ವನ ಕಡೆಯಿಂದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಸಿಕೊಂಡು ಉಣ್ಣತೊಡಗಿದ್ದ. ಬಿಜಾಪುರದ ಹಲ್ಲಿನ ಡಾಕ್ಟರು ನೋಡಿ, ಒಸಡು ಕೆಟ್ಟಿದೆ, ಎರಡನ್ನೂ ತೆಗೆಯಲೇಬೇಕು ಅಂದರು. ಬೇರೆಯವರಿಗೆ ಹಲ್ಲು ಹೋದರೆ ರೊಟ್ಟಿ ಹೋಗುತ್ತದೆ. ಬಾಜಾದವನಿಗೆ ಬಾಜಾನೇ ಹೋಗುತ್ತದೆ. ತುಟಿ ಒತ್ತಿ ಊದಬೇಕಾದರೆ ತುಟಿಯ ಹಿಂದೆ ಗೋಡೆಯೊಂದು ಬೇಕು, ಆ ಗೋಡೆಯೇ ಈ ಎರಡು ಹಲ್ಲು.

ಅಪ್ಪ ಡಾಕ್ಟರಿಗೆ, "ಎಳ್ಳಮಾಸಿ ಮುಗಿಸಿಕೊಂಡು ಬರ್ತೇನ್ರಿ," ಎಂದು ಹೇಳಿ ಬಂದುಬಿಟ್ಟ. ಅದಕ್ಕೆ ಇನ್ನೂ ಎರಡು ತಿಂಗಳ ಮೇಲಿತ್ತು. ಡಾಕ್ಟರು ಬೈದರಂತೆ. ಆ ಸಂಜೆ ಅಪ್ಪ ಕಟ್ಟೆಯ ಮೇಲೆ ಕುಳಿತು ಬಾಜಾವನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ. ಇನ್ನೆರಡು ತಿಂಗಳಿಗೆ ಮೂಲೆ ಸೇರುವ ಹಿತ್ತಾಳೆಯನ್ನು ಅಷ್ಟು ಮುತುವರ್ಜಿಯಿಂದ ತಿಕ್ಕುವುದನ್ನು ನೋಡಿ ನನಗೆ ಸಿಟ್ಟು ಬಂತು. ಸಾ ಪಾ ಊದುತ್ತಲೇ ಈ ಮನುಷ್ಯ ಮುಗಿದುಹೋಗಬಾರದು. ಹಲ್ಲು ಬೀಳುವುದರೊಳಗೆ ಅವನ ಬಾಜಾ ಒಂದು ಸಲವಾದರೂ ತಾನೊಂದೇ ಕೇಳಿಸಬೇಕು, ಎದುರಿಗೆ ಜನ ಕುಳಿತು ಕೇಳಬೇಕು. ಅವತ್ತೇ ನಿಶ್ಚಯ ಮಾಡಿದೆ. ನನ್ನ ಹಠ ಊರಿಗೇ ಗೊತ್ತು. ಅವ್ವ ಅದನ್ನು ಕತ್ತೆಯ ಹಠ ಅನ್ನುತ್ತಿದ್ದಳು.

ಪಿಯಾನೊ ನುಡಿಸುವ ಒಂದು ಕೈಯಲ್ಲಿ ಐದು ಬೆರಳು, ಮೂರು ಸ್ವರ ಒಟ್ಟಿಗೇ ನುಡಿಯುತ್ತವೆ. ಬ್ಯಾಂಡಿನವನಿಗೆ ಇರುವುದು ಒಂದೇ ಬಾಯಿ. ಹೀಗಾಗಿ ಮೂರು ಸ್ವರಕ್ಕೆ ಮೂರು ಜನರನ್ನು ಹಂಚಿದೆ. ಮೇಲಿನ ಹಾಡು ಕ್ಲಾರಿನೆಟ್ಟಿಗೆ. ಮಾಸ್ತರನ ಟ್ರಂಪೆಟ್ಟಿನ ಬಾಯಿಗೆ ಟವೆಲ್ಲು ತುರುಕಿಸಿ ದನಿ ಇಳಿಸಿದೆ. ಆ ಟವೆಲ್ಲಿಗಾಗಿ ಅವನು ನನ್ನನ್ನು ಇವತ್ತಿಗೂ ಕ್ಷಮಿಸಿಲ್ಲ. ಸ್ಯಾಕ್ಸೊಫೋನಿನವನಿಗೆ ನಾಲ್ಕು ಖಾನೆಯುದ್ದಕ್ಕೂ ಒಂದೇ ಗಾಂಧಾರ ಬಂದಿತ್ತು. ಅವನು ಕಾಗದ ತಿರುವಿ ಮುರುವಿ ನೋಡಿ ಕೇಳಿದ, "ನನಗ ಹಾಡ ಎಲ್ಲೈತೋ? ಒಂದ ಸ್ವರಾ ಹಿಡಕೊಂಡು ಒದರಾಕ ನಾ ಏನ ಸೊಲ್ಲಾಪುರದ ಗಿರಣಿ ಭೋಂಗಾ ಏನು?"

ನಾವು ರಿಯಾಜು ಮಾಡುತ್ತಿದ್ದದ್ದು ಸಿಂದಗಿಯ ಜೋಳದ ಮಾರುಕಟ್ಟೆಯ ಹಿಂದಿನ ಬಯಲಿನಲ್ಲಿ, ಮಧ್ಯಾಹ್ನದ ಮೇಲೆ. ಮೆರವಣಿಗೆಯ ಜನ ನಾವು, ಸಹಜವಾಗಿಯೇ ನಡೆಯುತ್ತಲೇ ರಿಯಾಜು. ಈ ಹಾಡು ಮೂರು ಮಾತ್ರೆಯದು. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಕಾಲಿಗೆ ಕಾಲು ತೊಡರಿ ಸಾಲು ಒಡೆಯಿತು. ಸಣ್ಣ ಬಾಜಾದವನ ಬೆನ್ನಿಗೆ ಡ್ರಮ್ಮು ಬಡಿಯಿತು.

"ದೇವ್ರು ಎರಡ ಕಾಲ ಕೊಟ್ಟಾನ. ಮೂರನೇ ಮಾತ್ರಿಗೆ ಇನ್ನೊಂದು ಕಾಲ ಎಲ್ಲಿಂದ ತರ್ಲಿ?" ಎಂದ ಡ್ರಮ್ಮಿನವ.

ಇಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಕಾಲಿಗೆ ಅನುಕೂಲವಾಗಲಿ ಅಂತ ಪ್ರತಿ ಖಾನೆಗೂ ಒಂದೊಂದು ಮಾತ್ರೆ ಸೇರಿಸಿ ನಾಲ್ಕು ಮಾಡಿಬಿಟ್ಟೆ. ಎಲ್ಲರೂ ಕುಶಾಲಿನಿಂದ ಊದಿದರು. ಟೇಪಿನಲ್ಲಿ ಹಿಡಿದು, ಜಂಬದಿಂದ ಬಾಗೇವಾಡಿಗೆ ಒಯ್ದೆ. ಡಾಕ್ಟರಮ್ಮಾರು ಅರ್ಧ ನಿಮಿಷ ಕೇಳಿ ಗುಂಡಿ ಒತ್ತಿ ನಿಲ್ಲಿಸಿದರು.

"ಇದು ಮದುಮಗನ ಕರಕೊಂಡು ಮೆರವಣಿಗಿ ಹೊಂಟೈತಿ. ನಾ ಕೊಟ್ಟಿದ್ದು ತೊಟ್ಟಿಲಾ ತೂಗೂ ಹಾಡು. ತೊಟ್ಟಿಲಕ್ಕ ಕಾಲ ಅದಾವೇನೋ?"

ಬೈಸಿಕೊಂಡು ಬಂದು, ಸೇರಿಸಿದ ಮಾತ್ರೆಗಳನ್ನೆಲ್ಲ ಹೊಡೆದುಹಾಕಿದೆ. ನಿಂತು ಊದಿರಿ ಅಂದರೆ ಹಿಮ್ಮಡಿಗಳು ತಾವಾಗಿಯೇ ಏಳುತ್ತಿದ್ದವು. ಕಡೆಗೆ ಮಾರುಕಟ್ಟೆಯ ಹಮಾಲರಿಂದ ಖಾಲಿ ಗೋಣಿಚೀಲ ಇಸಿದುಕೊಂಡು ಎಲ್ಲರನ್ನೂ ನೆಲಕ್ಕೆ ಕೂರಿಸಿದೆ. ಕೂತ ಕೂಡಲೇ ಡ್ರಮ್ಮಿನವನಿಗೆ ಭಜನೆಯ ಪೆಟ್ಟು ನೆನಪಾಯಿತು. ಅವರ ಓಣಿಯ ಭಜನೆಯಲ್ಲಿ ಅವನು ವರ್ಷಗಟ್ಟಲೆ ಮೂರರ ಪೆಟ್ಟು ಹಾಕಿದವನೇ. ಕಾಲು ಮರೆತ ಮೇಲೆ ಕೈಗೆ ಎಲ್ಲ ಗೊತ್ತಿತ್ತು.

ಅಲ್ಲಿಗೆ ಅರ್ಧ ಗೆದ್ದೆ ಅಂದುಕೊಂಡೆ. ಅಸಲಿ ಗುಡ್ಡ ಮುಂದಿತ್ತು. ಅದು ಆ ಎಂಟು ಖಾನೆ.

ಮದುವೆ ಬ್ಯಾಂಡಿನ ಮೊದಲ ಕಾನೂನು ಏನೆಂದರೆ ದನಿ ಕಡಿಯಬಾರದು. ಬೀಗರು ಮುಂದೆ ನಡೆಯುತ್ತಿರುವಾಗ ವಾದ್ಯ ಒಂದು ಗಳಿಗೆ ನಿಂತರೂ ಹಿರಿಯರೊಬ್ಬರು ತಿರುಗಿ ನೋಡುತ್ತಾರೆ. ಆ ನೋಟ ಮುಂದಿನ ಮದುವೆಯನ್ನು ಕಳೆಯುತ್ತದೆ. ಒಬ್ಬನಿಗೆ ಉಸಿರು ಸಾಲದಿದ್ದರೆ ಪಕ್ಕದವನು ಎತ್ತಿಕೊಳ್ಳಬೇಕು, ಅವನು ತಪ್ಪಿದರೆ ಮತ್ತೊಬ್ಬ ಮುಚ್ಚಬೇಕು. "ಬಾಯಿ ಖಾಲಿ ಬಿಟ್ಟಾಂವ ಮನಿಗಿ ಹೋಗ್ಲಿ," ಅನ್ನುವುದು ಮಾಸ್ತರನ ಮಾತು. ಹಾಲು ಕುಡಿದಷ್ಟೇ ಸಲೀಸಾಗಿ ನಾವೆಲ್ಲ ಇದನ್ನು ಕಲಿತಿದ್ದೆವು. ಈಗ ನಾನು ಹನ್ನೊಂದು ಜನರ ಕಾಗದದಲ್ಲೂ ಎಂಟೆಂಟು ಸೊನ್ನೆ ಬರೆದು, ಇಲ್ಲಿ ಸುಮ್ಮನಿರಿ, ಅಪ್ಪನೊಬ್ಬನೇ ಊದಲಿ ಅನ್ನುತ್ತಿದ್ದೆ.

ಆಗಲಿಲ್ಲ. ಎರಡು ಖಾನೆ ಹೇಗೋ ತುಟಿ ಕಚ್ಚಿ ಇರುತ್ತಿದ್ದರು. ಮೂರನೆಯದಕ್ಕೆ ಮಾಸ್ತರನ ಟ್ರಂಪೆಟ್ಟು ಸಣ್ಣಗೆ ಜಿನುಗುವುದು, ನಾಲ್ಕಕ್ಕೆ ಸ್ಯಾಕ್ಸೊಫೋನು, ಐದಕ್ಕೆ ಇಡೀ ದಂಡು ಅಪ್ಪನ ಮೇಲೆ ಬೀಳುವುದು. ಬೇಕೆಂದು ಮಾಡುತ್ತಿರಲಿಲ್ಲ. ಅಪ್ಪನ ದನಿ ಎಲ್ಲಿ ಸ್ವಲ್ಪ ನಡುಗಿತೋ ಅಲ್ಲಿ ಸಹಾಯಕ್ಕೆ ಬರುತ್ತಿದ್ದರು. ಆ ಸಹಾಯದಲ್ಲಿ ಅಪ್ಪ ಮತ್ತೆ ಎಂದಿನ ಹಾಗೆ ಮುಳುಗಿಹೋಗುತ್ತಿದ್ದ. ಬೇಡಿಕೊಂಡೆ, ಬೈದೆ. ಒಂದು ದಿನ ಕಾಪಿ ಬುಕ್ಕನ್ನೇ ಮಾಸ್ತರನ ಕಡೆಗೆ ಬೀಸಿ ಒಗೆದೆ. ಅದು ಅವನ ಟೋಪಿಗೆ ಬಡಿಯಿತು.

ಮಾಸ್ತರ ಟೋಪಿ ಎತ್ತಿಕೊಂಡು ಹೇಳಿದ, "ನಿಮ್ಮಪ್ಪನ ಬಾಜಾ ಒಂದ ಕೇಳಬೇಕಂದ್ರ ನಿಮ್ಮ ಮನ್ಯಾಗ ಊದಿಸ್ಕೋ. ನಮ್ಮನ್ಯಾಕ ಕುಂದ್ರಿಸಿ?"

ಮನೆಗೆ ಬರುವಾಗ ಅಪ್ಪನೂ ಅದನ್ನೇ ಅಂದ. "ಬಿಡೋ ತಮ್ಮಾ. ಇಷ್ಟ ವರ್ಷ ಆಗದ್ದು ಈಗ್ಯಾಕ?" ನಾನು ಬಿಡುವುದಿಲ್ಲ ಅಂದೆ. ಆ ಮಾತಿಗೆ ಅಪ್ಪ ಬಾಜಾವನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಬದಲಿಸಿದ.

ತುಳಸಿ ಲಗ್ನವಾಗಿ ಮದುವೆಗಳು ಮತ್ತೆ ಸುರುವಾದವು. ಮುದ್ದೇಬಿಹಾಳದಲ್ಲಿ ಒಂದು ಮೆರವಣಿಗೆ. ಭರ್ತಿ ಜೋರಿನಲ್ಲಿ ಓಣಿಯೊಂದಕ್ಕೆ ತಿರುಗಿದೆವು. ಎದುರಿನಿಂದ ಒಬ್ಬರು ಬಂದು ಮಾಸ್ತರನ ಕಿವಿಯಲ್ಲಿ ಏನೋ ಹೇಳಿದರು. ಮಾಸ್ತರ ಕೈ ಎತ್ತಿದ. ಮುಂದಿನ ಮನೆಯಲ್ಲಿ ಬೆಳಗ್ಗೆ ಯಾರೋ ತೀರಿಕೊಂಡಿದ್ದರು. ಅಂಥ ಮನೆ ಬಂದಾಗ ವಾದ್ಯ ಇಳಿಸಬೇಕು, ದಾಟಿ ಇಪ್ಪತ್ತು ಹೆಜ್ಜೆ ಹೋಗುವವರೆಗೆ ಎತ್ತಬಾರದು. ಇದು ದನಿ ಕಡಿಯಬಾರದು ಅನ್ನುವುದಕ್ಕಿಂತ ಹಳೆಯ ಕಾನೂನು. ಹನ್ನೆರಡೂ ಜನ ವಾದ್ಯ ಕೆಳಗಿಳಿಸಿ, ತಲೆ ಬಗ್ಗಿಸಿ ನಡೆದೆವು. ಬರೀ ಚಪ್ಪಲಿಯ ಸಪ್ಪಳ. ಇಪ್ಪತ್ತು ಹೆಜ್ಜೆಯಾದ ಮೇಲೆ ಡ್ರಮ್ಮಿನವ ಒಂದೇ ಒಂದು ಪೆಟ್ಟು ಕೊಟ್ಟ, ಎಲ್ಲರೂ ಒಟ್ಟಿಗೆ ವಾದ್ಯ ಎತ್ತಿದೆವು, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ನಾನು ಊದುತ್ತಲೇ ನಗತೊಡಗಿದೆ. ಈ ಗಂಡಸರಿಗೆ ಸುಮ್ಮನಿರಲು ಬರುವುದಿಲ್ಲ ಅಂತ ಯಾರು ಹೇಳಿದ್ದು?

ಮರುದಿನ ಎಲ್ಲರ ಕಾಗದದಲ್ಲೂ ಎಂಟು ಸೊನ್ನೆ ಅಳಿಸಿ, ಅಲ್ಲಿ "ಸತ್ತವರ ಮನಿ" ಅಂತ ಬರೆದೆ. ಎಂಟನೆಯ ಖಾನೆಯ ಕೊನೆಗೆ "ಡ್ರಮ್ ಒಂದು ಪೆಟ್ಟು." ಮಾಸ್ತರ ಓದಿ ನಗು ತಡೆಯಲಾರದೆ ಮುಖ ಆಚೆ ತಿರುಗಿಸಿದ. ಡ್ರಮ್ಮಿನವನಿಗೆ ಮಾತ್ರ ಕಸಿವಿಸಿ. "ಅಪಶಕುನ ಆಗ್ತೈತೋ. ಹಿರ್ಯಾ ಮನಷ್ಯಾ ಊದೂ ಮುಂದ ಹಂಗ ಬರೀಬಾರದು," ಎಂದು ಅಪ್ಪನ ಮುಖ ನೋಡಿದ.

ಅಪ್ಪ ಬಾಯಲ್ಲಿದ್ದ ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ. ಹಲ್ಲಿನ ನೋವಿಗೆ ಅವನು ಸದಾ ಒಂದು ಲವಂಗ ಇಟ್ಟುಕೊಂಡಿರುತ್ತಿದ್ದ. "ನಾ ಊದೂದು ಸತ್ತವರ ಮನಿ ಮುಂದ ಏನು? ಛಲೋ ಆತು ಬಿಡ್ರಿ. ಅವರರೆ ಕೇಳ್ತಾರ."

ಆ ದಿನ ಹನ್ನೊಂದು ವಾದ್ಯಗಳು ತೊಡೆಗೆ ಇಳಿದವು. ನನ್ನ ಜೀವಮಾನದಲ್ಲಿ ಮೊದಲ ಸಲ ಅಪ್ಪನ ಬಾಜಾವನ್ನು ಬೇರೇನೂ ಇಲ್ಲದೆ ಕೇಳಿದೆ. ಚೆಂದವಿತ್ತು ಅಂತ ಸುಳ್ಳು ಹೇಳಲಾರೆ. ದನಿ ನಡುಗುತ್ತಿತ್ತು, ಹಲ್ಲಿನ ಸಂದಿಯಿಂದ ಸುಯ್ ಅಂತ ಗಾಳಿ ಹೋಗುತ್ತಿತ್ತು. ಐದನೆಯ ಖಾನೆಯಲ್ಲಿ ಎಡಗೈ ಒಂದು ಮೇಲಿನ ಸ್ವರಕ್ಕೆ ಏರುತ್ತದೆ. ಏರಬೇಕಾದರೆ ತುಟಿ ಬಿಗಿ ಒತ್ತಬೇಕು, ಒತ್ತಿದರೆ ಹಲ್ಲು ಒಳಗೆ ಬಾಗುತ್ತಿತ್ತು. ಅಲ್ಲಿ ಹತ್ತರಲ್ಲಿ ಏಳು ಸಲ ಸ್ವರ ಒಡೆಯುತ್ತಿತ್ತು. ಆದರೂ ಹಿತ್ತಿಲಲ್ಲಿ ಎಮ್ಮೆಯ ಎದುರಿಗೆ ಕುಳಿತು ದಿನಾ ಬೆಳಗ್ಗೆ ಅದನ್ನೇ ಊದುತ್ತಿದ್ದ.

"ಅಪ್ಪಾ, ಆ ಸ್ವರಾ ಇಳಿಸಿ ಬರಕೊಡ್ತೇನಿ. ಯಾರಿಗೂ ತಿಳ್ಯಾಂಗಿಲ್ಲ," ಎಂದೆ ಒಂದು ದಿನ.

"ಅಮ್ಮಾರ ಎಡಗೈ ಅಲ್ಲಿ ಏರತೈತಿಲ್ಲೋ? ನಾನೂ ಏರ್ತೇನಿ," ಎಂದ. ನನ್ನ ಹಠ ಎಲ್ಲಿಂದ ಬಂದದ್ದು ಅಂತ ಅವ್ವನಿಗೆ ಅವತ್ತು ತೋರಿಸಬೇಕಿತ್ತು.

ಎಳ್ಳಮಾವಾಸ್ಯೆಗೆ ನಾಲ್ಕು ದಿನ ಇರುವಾಗ, ಒಂದು ಭಾನುವಾರ ನಾಲ್ಕು ಗಂಟೆಗೆ ಡಾಕ್ಟರಮ್ಮಾರ ಅಂಗಳದಲ್ಲಿ ನುಡಿಸುವುದು ಅಂತ ಆಯಿತು. ಅವರೇ ಓಣಿಯವರನ್ನೆಲ್ಲ ಕರೆದಿದ್ದರು. ಶಾಲೆಯಿಂದ ಬೆಂಚು ತರಿಸಿದ್ದರು, ನಮಗೂ ಬೆಂಚು. ಟೆಂಪೊದಿಂದ ಇಳಿದ ನಮ್ಮನ್ನು ಒಳಗೆ ಕರೆದು, ಪಡಸಾಲೆಯಲ್ಲಿ ಮೊದಲು ಚಹಾ ಕೊಟ್ಟರು. ಸ್ಯಾಕ್ಸೊಫೋನಿನವ ಕಪ್ಪು ಹಿಡಿದು ಎಲ್ಲಿ ಕೂರಬೇಕು ಅಂತ ತಿಳಿಯದೆ ನಿಂತೇ ಕುಡಿದ.

ಕೆಂಪು ಕೋಟು ಹಾಕಿಕೊಂಡು ಕುಳಿತೆವು. ಎದುರಿಗೆ ಐವತ್ತು ಜನ ಸುಮ್ಮನೆ ನಮ್ಮನ್ನೇ ನೋಡುತ್ತ ಕುಳಿತಿದ್ದರು. ಜನರ ಮುಂದೆ ನಡೆದು ಹೋಗುವುದು ಗೊತ್ತಿದ್ದ ನಮಗೆ, ಜನರ ಮುಂದೆ ಕುಳಿತಿರುವುದು ಗೊತ್ತಿರಲಿಲ್ಲ. ಮಾಸ್ತರ ಮೂರು ಸಲ ಟೋಪಿ ಸರಿಮಾಡಿಕೊಂಡ. ಡಾಕ್ಟರಮ್ಮಾರು ಮುಂದಿನ ಸಾಲಿನಲ್ಲಿ ಎರಡೂ ಕೈ ಮಡಿಲಲ್ಲಿಟ್ಟು ಕುಳಿತಿದ್ದರು.

ಸುರುಮಾಡಿದೆವು. ಹಾಡು ನಡೆಯಿತು. ಮಾಸ್ತರ ಟವೆಲ್ಲು ಕಿತ್ತೊಗೆಯಲಿಲ್ಲ. ಸ್ಯಾಕ್ಸೊಫೋನಿನವ ತನ್ನ ಒಂದೇ ಗಾಂಧಾರವನ್ನು ದೇವರ ದೀಪದ ಹಾಗೆ ಅಲುಗದಂತೆ ಹಿಡಿದ. ಡಾಕ್ಟರಮ್ಮಾರ ತಲೆ ಮೂರರ ಪೆಟ್ಟಿಗೆ ಸಣ್ಣಗೆ ತೂಗುತ್ತಿತ್ತು. ಆಮೇಲೆ ಆ ಜಾಗ ಬಂತು. ಹನ್ನೊಂದು ವಾದ್ಯಗಳು ತೊಡೆಗಿಳಿದವು.

ಅಪ್ಪ ಊದಿದ. ಮೊದಲನೆಯ ಖಾನೆ ಗಟ್ಟಿ ಬಂತು. ಎರಡು, ಮೂರು. ಜನ ಯಾರು ಊದುತ್ತಿದ್ದಾರೆ ಅಂತ ಕತ್ತು ಎತ್ತಿ ನೋಡತೊಡಗಿದರು. ನಾಲ್ಕರಲ್ಲಿ ದನಿ ನಡುಗಿತು. ಅವನ ತುಟಿ ಬಿಳಿಚಿಕೊಂಡದ್ದು ಪಕ್ಕದಲ್ಲಿದ್ದ ನನಗೆ ಕಾಣುತ್ತಿತ್ತು. ಐದಕ್ಕೆ ಏರಿದ, ಗಾಳಿ ಸುಯ್ ಅಂದಿತು, ಸ್ವರ ಬರಲಿಲ್ಲ.

ನನ್ನ ಕ್ಲಾರಿನೆಟ್ಟು ತೊಡೆಯ ಮೇಲಿತ್ತು. ಅದು ಯಾವಾಗ ಬಾಯಿಗೆ ಬಂತೋ ನನಗೆ ತಿಳಿಯದು. ಅಪ್ಪನಿಗೆ ಬಾರದ ಆ ಸ್ವರವನ್ನು ನಾನು ಊದಿಬಿಟ್ಟೆ. ಸ್ವಚ್ಛವಾಗಿ, ಸಿಹಿಯಾಗಿ, ಸರಿಯಾದ ಎತ್ತರಕ್ಕೆ. ಎರಡು ತಿಂಗಳು ಇದಕ್ಕಾಗಿಯೇ ಹತ್ತು ಜನರಿಗೆ ಬೈದವನು, ಮಾಸ್ತರನ ತಲೆಗೆ ಪುಸ್ತಕ ಬೀಸಿದವನು, ನಾನೇ ಊದಿದೆ. ಉಳಿದ ಹತ್ತೂ ಜನ ಮಿಸುಕದೆ ಕುಳಿತಿದ್ದರು.

ಅಪ್ಪ ನಿಲ್ಲಿಸಿದ. ಬಾಜಾವನ್ನು ತುಟಿಯಿಂದ ತೆಗೆದು, ಐವತ್ತು ಜನರ ಎದುರಿಗೆ ನನ್ನ ಕಡೆ ತಿರುಗಿದ.

"ಇದು ನನ್ನ ಪಾಳಿ. ಕೆಳಗ ಇಡು ಅದನ್ನ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಕ್ಲಾರಿನೆಟ್ಟನ್ನು ತೊಡೆಯ ಮೇಲೂ ಇಟ್ಟುಕೊಳ್ಳದೆ ನೆಲಕ್ಕೆ ಇಟ್ಟೆ. ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ. ಮತ್ತೆ ಅದನ್ನು ಮಡಚಿ ಕೋಟಿನ ಕಿಸೆಗೆ ಹಾಕಿಕೊಂಡು ಡಾಕ್ಟರಮ್ಮಾರ ಕಡೆ ನೋಡಿದ.

"ಮತ್ತ ಮೊದಲಿಂದ ಊದ್ಲೇನ್ರಿ, ಅಮ್ಮಾರ?"

"ಊದ್ರಿ. ಇಲ್ಲಿ ಯಾರಿಗೂ ಅವಸರಿಲ್ಲ," ಎಂದರು ಅವರು.

ಎಂಟು ಖಾನೆಯನ್ನು ಮೊದಲಿನಿಂದ ಹಿಡಿದ. ಈ ಸಲ ಮೊದಲನೆಯದರಿಂದಲೇ ಗಾಳಿ ಸೋರುತ್ತಿತ್ತು. ಅವನು ಅವಸರ ಮಾಡಲಿಲ್ಲ, ಬೂಟಿನ ತುದಿಯಿಂದ ಮೂರು ಮೂರು ಎಣಿಸುತ್ತ ಒಂದೊಂದೇ ಸ್ವರ ಇಟ್ಟ. ಐದನೆಯದಕ್ಕೆ ಏರಿದ. ಸ್ವರ ಈ ಸಲವೂ ಬರಲಿಲ್ಲ. ಮೂರು ಮಾತ್ರೆಯುದ್ದಕ್ಕೂ ಹಿತ್ತಾಳೆಯೊಳಗೆ ಬರೀ ಗಾಳಿ ಹೋದದ್ದು ಇಡೀ ಅಂಗಳಕ್ಕೆ ಕೇಳಿಸಿತು. ಯಾರ ಕೈಯೂ ವಾದ್ಯದ ಕಡೆ ಹೋಗಲಿಲ್ಲ. ಮಾಸ್ತರನ ಬೆರಳುಗಳು ಮೊಣಕಾಲನ್ನು ಹಿಡಿದುಕೊಂಡಿದ್ದವು. ನಾನು ಹಲ್ಲು ಕಚ್ಚಿ ಕುಳಿತೆ. ಆಮೇಲೆ ಆರನೆಯದು ಬಂತು, ಏಳು, ಎಂಟು. ಡ್ರಮ್ಮಿನವ ಒಂದು ಪೆಟ್ಟು ಕೊಟ್ಟ, ಎಲ್ಲರೂ ವಾದ್ಯ ಎತ್ತಿದರು. ನೆಲದಿಂದ ಎತ್ತಿಕೊಳ್ಳಬೇಕಾದ್ದರಿಂದ ನಾನೊಬ್ಬ ತಡವಾಗಿ ಸೇರಿದೆ.

ಮುಗಿದ ಮೇಲೆ ಜನ ಚಪ್ಪಾಳೆ ಹೊಡೆದರು. ಡಾಕ್ಟರಮ್ಮಾರು ಎದ್ದು ಬಂದು ಅಪ್ಪನ ಎದುರು ನಿಂತು, "ನಾ ಐವತ್ತ ವರ್ಷ ನುಡಿಸೇನಿ. ಅಲ್ಲಿ ಏರೂದು ಇಷ್ಟ ತ್ರಾಸಿಂದು ಅಂತ ನನ್ನ ಬೆರಳಿಗೆ ಎಂದೂ ಗೊತ್ತಾಗಿರ್ಲಿಲ್ಲ," ಎಂದರು. ಅಪ್ಪ ಬಾಯಿ ಮುಚ್ಚಿಕೊಂಡೇ ಕೈಮುಗಿದ.

ವಾಪಸು ಬರುವಾಗ ಟೆಂಪೊದ ಹಿಂದಿನ ಹಲಗೆಯ ಮೇಲೆ ಅಪ್ಪ, ನಾನು ಪಕ್ಕಪಕ್ಕ ಕುಳಿತಿದ್ದೆವು. ಉಳಿದವರು 'ಗಿರಣಿ ಭೋಂಗಾ' ಅಂತ ಸ್ಯಾಕ್ಸೊಫೋನಿನವನನ್ನು ಕಾಡುತ್ತ ನಗುತ್ತಿದ್ದರು. ನನಗೆ ನಗು ಬರಲಿಲ್ಲ.

"ಅಪ್ಪಾ, ನಂದ ತಪ್ಪಾತು," ಎಂದೆ.

"ಹೂಂ. ತಪ್ಪಾತು," ಎಂದ. ಇರಲಿ ಬಿಡು ಅನ್ನಲಿಲ್ಲ. ಕಿಸೆಯಿಂದ ಟವೆಲ್ಲು ತೆಗೆದು ತೊಡೆಯ ಮೇಲೆ ಬಿಚ್ಚಿದ. ರಕ್ತದ ಕಲೆಯ ನಡುವೆ ಒಂದು ಹಲ್ಲು ಇತ್ತು. ಮೊದಲ ಸಲ ಏರಿದಾಗಲೇ ಅದು ಬಿದ್ದಿತ್ತು. ಎರಡನೆಯ ಸಲ ಅಷ್ಟೂ ಖಾನೆಗಳನ್ನು ಅವನು ಅದಿಲ್ಲದೆ ಊದಿದ್ದ.

ನಾನು ಹಲ್ಲನ್ನು ನೋಡಿದೆ, ಅವನ ಮುಖವನ್ನು ನೋಡಿದೆ. ಅವನು ಟವೆಲ್ಲನ್ನು ಮತ್ತೆ ಮಡಚುತ್ತ ಹೇಳಿದ, "ನೀ ಊದಿದ ಸ್ವರಾ ಭಾಳ ಛಲೋ ಇತ್ತೋ ತಮ್ಮಾ. ಆದ್ರ ಇಷ್ಟ ವರ್ಷ ನಂದು ಯಾರರೆ ಒಬ್ಬರು ಮುಚ್ಚಿಕೋತನ ಬಂದ್ರು. ಇವತ್ತೊಂದು ದಿನ ಕೆಟ್ಟರೂ ಕೆಡ್ಲಿ, ನಂದು ನಂದಾಗೇ ಕೇಳ್ಲಿ ಅನ್ನಿಸ್ತು."

ನಾನು ಹನ್ನೊಂದು ಜನರ ನಡುವೆ, ನಾಚಿಕೆ ಬಿಟ್ಟು, ದನಿ ತೆಗೆದು ಅತ್ತೆ. ಯಾರೂ ಸಮಾಧಾನ ಹೇಳಲು ಬರಲಿಲ್ಲ.